ಹುಳಿಯಾದ ಡೈಜೆಸ್ಟರ್: 120 ಹಸುಗಳ ಫಾರ್ಮಿನಲ್ಲಿ ಗ್ಯಾಸ್ ಕುಸಿದದ್ದು ಯಾಕೆ?

ಹಾಲು ಕರೆಯುವ 120 ಹಸುಗಳಿರುವ ಡೈರಿ ಫಾರ್ಮು. ಸಗಣಿ, ಗಂಜಲ ಎಲ್ಲ ಒಂದು ಗುಂಡಿಗೆ ಬಂದು ಸೇರುತ್ತದೆ. ಅಲ್ಲಿಂದ ಪಂಪ್ ಅದನ್ನು 240 ಘನ ಮೀಟರ್ ಹಿಡಿಯುವ ಡೈಜೆಸ್ಟರಿಗೆ, ಅಂದರೆ ಸಗಣಿ ಗಾಳಿಯಿಲ್ಲದೆ ಕಳಿತು ಗ್ಯಾಸ್ ಆಗುವ ಮುಚ್ಚಿದ ಟ್ಯಾಂಕಿಗೆ, ತಳ್ಳುತ್ತದೆ. ಹೊರಬರುವ ಗ್ಯಾಸಿನಲ್ಲಿ ಜನರೇಟರ್ ಓಡುತ್ತದೆ. ಎಂಜಿನ್ನನ್ನು ತಂಪು ಮಾಡಿದ ನೀರು ಬಿಸಿಯಾಗಿ ಡೈಜೆಸ್ಟರಿನೊಳಗಿನ ಪೈಪುಗಳಲ್ಲಿ ಸುತ್ತಿ, ಒಳಗಿರುವುದನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತದೆ. ಶುರುವಿನಿಂದ ಚೆನ್ನಾಗಿ ನಡೆಯುತ್ತಿದ್ದ ವ್ಯವಸ್ಥೆ. ದಿನಕ್ಕೆ 190 ಘನ ಮೀಟರಿನಷ್ಟು ಗ್ಯಾಸ್ ಬರುತ್ತಿತ್ತು.

ಆಮೇಲೆ ಇಳಿಯೋಕೆ ಶುರುವಾಯಿತು. ಒಂದೇ ದಿನದಲ್ಲಿ ಅಲ್ಲ, ವಾರದಿಂದ ವಾರಕ್ಕೆ. 190 ಇದ್ದದ್ದು 160, ಆಮೇಲೆ 130, ಕೊನೆಗೆ 110. ಫಾರ್ಮಿನವರು ಏನೋ ಉಪಾಯ ಮಾಡಿದರು, ಮೀಟರು ಮತ್ತೆ 170ಕ್ಕೆ ಏರಿತು. ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ಎಂಜಿನ್ ಕೆಮ್ಮತೊಡಗಿ ನಿಂತೇಹೋಯಿತು. ನನ್ನನ್ನು ಕರೆದದ್ದು ಆಗ.

ಗೊಬ್ಬರದ ಗ್ಯಾಸಿನ ಕೆಲಸದಲ್ಲಿ ಇದು ತೀರಾ ಸಾಮಾನ್ಯವಾದ ಪ್ರಕರಣ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ. ಗ್ಯಾಸ್ ಕಮ್ಮಿಯಾದರೆ ಎಲ್ಲರೂ ಟ್ಯಾಂಕಿನ ಸುತ್ತ ಓಡಾಡುತ್ತಾರೆ. ಕಾರಣ ಬಹುತೇಕ ಸಲ ಕೊಟ್ಟಿಗೆಯಲ್ಲಿ ಇರುತ್ತದೆ.

ಎಷ್ಟು ಬರಬೇಕಿತ್ತು?

ಗ್ಯಾಸ್ ಕಮ್ಮಿ ಅಂದಾಗ ನಾನು ಮೊದಲು ಮಾಡುವುದು ಇದೇ ಲೆಕ್ಕ. ದೊಡ್ಡ ತಳಿಯ ಕರೆಯುವ ಹಸು ದಿನಕ್ಕೆ ಸಗಣಿ, ಗಂಜಲ ಸೇರಿ 50ರಿಂದ 65 ಕಿಲೋ ಹಾಕುತ್ತದೆ. ಇಲ್ಲಿ 55 ಅಂತ ಹಿಡಿದೆವು. 120 ಹಸುಗಳಿಗೆ 6,600 ಕಿಲೋ ಆಯಿತು. ಅದರಲ್ಲಿ ಮುಕ್ಕಾಲಿಗಿಂತ ಎಷ್ಟೋ ಜಾಸ್ತಿ ನೀರೇ. ಒಣ ಪದಾರ್ಥ ಶೇ 12ರಷ್ಟು, ಅಂದರೆ ಸುಮಾರು 790 ಕಿಲೋ. ಆ ಒಣ ಪದಾರ್ಥದಲ್ಲೂ ಸೂಕ್ಷ್ಮಜೀವಿಗಳಿಗೆ ಆಹಾರವಾಗಬಲ್ಲ ಸಾವಯವ ಭಾಗ ಶೇ 80ರಷ್ಟು ಮಾತ್ರ, ಹೆಚ್ಚುಕಮ್ಮಿ 630 ಕಿಲೋ. ಹಸುವಿನ ಸಗಣಿಯಲ್ಲಿ ಇಂಥ ಒಂದು ಕಿಲೋ ಸಾವಯವ ಪದಾರ್ಥದಿಂದ ಸುಮಾರು 0.3 ಘನ ಮೀಟರ್ ಗ್ಯಾಸ್ ಸಿಗುತ್ತದೆ. ಗುಣಿಸಿದರೆ 190. ಶುರುವಿನಲ್ಲಿ ಬರುತ್ತಿದ್ದದ್ದು ಅಷ್ಟೇ. ಹಾಗಾಗಿ ಡೈಜೆಸ್ಟರಿನ ವಿನ್ಯಾಸದಲ್ಲಿ ದೋಷವಿಲ್ಲ, ಹಸುಗಳ ಸಂಖ್ಯೆಯೂ ಇಳಿದಿಲ್ಲ. ನಡುವೆ ಏನೋ ಬದಲಾಗಿದೆ.

0.3 ಅನ್ನುವುದು ದೊಡ್ಡ ಸಂಖ್ಯೆಯೇನಲ್ಲ. ಹಸುವಿನ ಹೊಟ್ಟೆಯಲ್ಲೇ ಮೇವಿನ ಸುಲಭದ ಭಾಗ ಜೀರ್ಣವಾಗಿ ಹೋಗಿರುತ್ತದೆ. ಡೈಜೆಸ್ಟರಿಗೆ ಸಿಗುವುದು ಉಳಿದ ನಾರು. ಆದರೆ ಸಗಣಿಗೆ ಬೇರೆ ಒಂದು ಗುಣವಿದೆ. ಗ್ಯಾಸಿನಲ್ಲಿ ಉರಿಯುವ ಭಾಗವಾದ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಅದರಲ್ಲೇ ಇರುತ್ತವೆ, ಹುಳಿ ಏರಿದರೆ ತಡೆದುಕೊಳ್ಳುವ ಕ್ಷಾರವೂ ಇರುತ್ತದೆ. ಅದಕ್ಕೇ ಸಗಣಿ ಮಾತ್ರ ತಿನ್ನುವ ಡೈಜೆಸ್ಟರ್ ಸುಮ್ನೆ ಕೆಡುವುದಿಲ್ಲ. ಕೆಟ್ಟಿದೆ ಅಂದರೆ ಯಾರೋ ಏನೋ ಮಾಡಿದ್ದಾರೆ ಅಂತಲೇ ಅರ್ಥ.

ಹೋಸ್‌ಪೈಪ್ ಬಂದ ಮೇಲೆ

ಕೊಟ್ಟಿಗೆ ನೋಡಿಕೊಳ್ಳುವವರನ್ನು ಕೇಳಿದೆ. ಇತ್ತೀಚೆಗೆ ಏನಾದರೂ ಬದಲಾಯಿಸಿದ್ದೀರಾ? ಏನೂ ಇಲ್ಲ ಅಂದರು. ಸಗಣಿ ಎಳೆಯುವ ಸ್ಕ್ರೇಪರ್ ಎಲ್ಲಿ ಅಂದೆ.

"ಅದರ ಚೈನ್ ತುಂಡಾಗಿ ತುಂಬ ದಿನ ಆಯ್ತು ಸರ್. ಹೋಸ್‌ಪೈಪಲ್ಲಿ ತೊಳೀತೀವಿ. ಅದೇ ಬೇಗ ಆಗತ್ತೆ, ನೆಲನೂ ಕ್ಲೀನ್ ಇರತ್ತೆ. ಪಂಪೂ ಕಟ್ಟಲ್ಲ."

ಅವರು ಹೇಳಿದ್ದು ಒಂದೊಂದೂ ನಿಜ. ನೆಲ ಕನ್ನಡಿಯಂತಿತ್ತು. ಆ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಯೋಚಿಸುವುದು ಅವರ ಕೆಲಸ ಅಂತ ಯಾರೂ ಹೇಳಿಯೂ ಇರಲಿಲ್ಲ.

ಮೊದಲು ದಿನಕ್ಕೆ 8 ಘನ ಮೀಟರ್ ಬಗ್ಗಡ ಡೈಜೆಸ್ಟರಿಗೆ ಹೋಗುತ್ತಿತ್ತು. 240ನ್ನು 8ರಿಂದ ಭಾಗಿಸಿದರೆ 30. ಒಳಗೆ ಹೋದದ್ದು ಸರಾಸರಿ 30 ದಿನ ಒಳಗಿದ್ದು ಹೊರಬರುತ್ತಿತ್ತು. ಈಗ ಪಂಪ್ ಓಡುವ ಸಮಯವನ್ನು ಲೆಕ್ಕ ಹಾಕಿದರೆ ದಿನಕ್ಕೆ 20 ಘನ ಮೀಟರ್ ಹೋಗುತ್ತಿದೆ. ಸಗಣಿ ಅಷ್ಟೇ, ನೀರು 12 ಘನ ಮೀಟರ್ ಜಾಸ್ತಿ. ಒಳಗಿರುವ ಕಾಲ 12 ದಿನಕ್ಕೆ ಬಂದು ನಿಂತಿದೆ.

ಇದು ಯಾಕೆ ಅಪಾಯ ಅಂದರೆ, ಮೀಥೇನ್ ಮಾಡುವ ಜೀವಿಗಳು ತುಂಬ ನಿಧಾನವಾಗಿ ಬೆಳೆಯುತ್ತವೆ. ಸಗಣಿಯನ್ನು ಒಡೆದು ಆಮ್ಲ ಮಾಡುವ ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ಎರಡಾಗುತ್ತವೆ. ಆ ಆಮ್ಲವನ್ನು ತಿಂದು ಮೀಥೇನ್ ಮಾಡುವ ಜೀವಿಗಳಲ್ಲಿ ಕೆಲವಕ್ಕೆ ಎರಡಾಗಲು ಹಲವು ದಿನಗಳೇ ಬೇಕು. ಹುಟ್ಟುವುದಕ್ಕಿಂತ ಬೇಗ ಅವು ನೀರಿನ ಜೊತೆ ಹೊರಗೆ ಕೊಚ್ಚಿಹೋದರೆ ಒಳಗೆ ಆಮ್ಲ ಮಾಡುವವರು ಉಳಿಯುತ್ತಾರೆ, ತಿನ್ನುವವರು ಉಳಿಯುವುದಿಲ್ಲ. 12 ದಿನ ಅನ್ನುವುದು ಆ ಗಡಿಗೆ ತೀರಾ ಹತ್ತಿರ. 37 ಡಿಗ್ರಿ ಇದ್ದರೆ ಹೇಗೋ ನಡೆದುಹೋಗಬಹುದು. ಇಲ್ಲಿ 37 ಇರಲಿಲ್ಲ. ಥರ್ಮಾಮೀಟರ್ 31 ತೋರಿಸುತ್ತಿತ್ತು.

ನನ್ನ ಪ್ರಕಾರ ಈ ಪ್ರಕರಣದ ತಿರುಳು ಇಲ್ಲಿದೆ. ಹೊರಗಿನ 20 ಡಿಗ್ರಿಯ ಬಗ್ಗಡವನ್ನು 37ಕ್ಕೆ ತರಬೇಕು. 8 ಘನ ಮೀಟರಿಗೆ ದಿನಕ್ಕೆ ಸುಮಾರು 160 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ, ಅಂದರೆ ಕಿಲೋವ್ಯಾಟ್-ಗಂಟೆ) ಶಾಖ ಸಾಕು. ಎಂಜಿನ್ 190 ಘನ ಮೀಟರ್ ಗ್ಯಾಸ್ ಉರಿಸುವಾಗ 1,100 ಯೂನಿಟ್ಟಿಗೂ ಜಾಸ್ತಿ ಶಕ್ತಿ ಒಳಗೆ ಹೋಗುತ್ತದೆ. ಮೂರನೇ ಒಂದು ಭಾಗದಷ್ಟು ಕರೆಂಟ್ ಆಗುತ್ತದೆ, ಹೆಚ್ಚುಕಮ್ಮಿ ಅರ್ಧದಷ್ಟು ಬಿಸಿಯಾಗಿ ಸಿಗುತ್ತದೆ. ಅಂದರೆ 500 ಯೂನಿಟ್ ಬಿಸಿ. 160 ಕೊಟ್ಟು, ಗೋಡೆಗಳಿಂದ ಸೋರುವ ಬಿಸಿಯನ್ನೂ ತುಂಬಿಕೊಟ್ಟು, ಮೇಲೆ ಉಳಿಯುತ್ತಿತ್ತು. ಈಗ 20 ಘನ ಮೀಟರಿಗೆ ಸುಮಾರು 400 ಯೂನಿಟ್ ಬೇಕು, ಗೋಡೆಯ ನಷ್ಟ ಬೇರೆ. ಗ್ಯಾಸ್ 190 ಇದ್ದಾಗಲೇ ಇದು ಕಷ್ಟ. ಗ್ಯಾಸ್ 130ಕ್ಕೆ ಇಳಿದ ಮೇಲೆ ಎಂಜಿನ್ ಕೊಡುವ ಬಿಸಿಯೇ 350ರ ಹತ್ತಿರ. ಸಾಲುವುದಿಲ್ಲ. ಟ್ಯಾಂಕ್ ತಣ್ಣಗಾಯಿತು. ತಣ್ಣಗಾದ್ದರಿಂದ ಗ್ಯಾಸ್ ಇನ್ನೂ ಕಮ್ಮಿಯಾಯಿತು. ಗ್ಯಾಸ್ ಕಮ್ಮಿಯಾದ್ದರಿಂದ ಬಿಸಿ ಇನ್ನೂ ಕಮ್ಮಿಯಾಯಿತು. ಒಂದು ತುಂಡಾದ ಚೈನಿನಿಂದ ಶುರುವಾಗಿ ಹೀಗೆ ಸುತ್ತಿಕೊಂಡು ಇಳಿಯುತ್ತಾ ಹೋಗಿದೆ.

ನೀರಿನಿಂದ ಇನ್ನೊಂದು ತೊಂದರೆಯೂ ಆಗಿತ್ತು. ಬಗ್ಗಡದಲ್ಲಿ ಶೇ 10ರಷ್ಟಿದ್ದ ಒಣ ಪದಾರ್ಥ ಶೇ 4ಕ್ಕೆ ಇಳಿದಿತ್ತು. ಗಟ್ಟಿ ಬಗ್ಗಡದಲ್ಲಿ ಹುಲ್ಲು, ಮಣ್ಣು ಎಲ್ಲ ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ತೆಳುವಾದರೆ ಹುಲ್ಲು ಮೇಲೆ ತೇಲಿ ಪದರ ಕಟ್ಟುತ್ತದೆ, ಮರಳು ತಳ ಸೇರುತ್ತದೆ. ಕಲಕುವ ಯಂತ್ರದ ಮೋಟರ್ ಆಗಾಗ ಟ್ರಿಪ್ ಆಗುತ್ತಿದ್ದದ್ದು ಇದಕ್ಕೇ.

ಮೀಟರು ಏರಿದ ವಾರ

ಇನ್ನು ಆ ಉಪಾಯ. ಗ್ಯಾಸ್ ಕಮ್ಮಿ ಬರುತ್ತಿದೆ, ಹಾಗಾದರೆ ಜಾಸ್ತಿ ಆಹಾರ ಹಾಕೋಣ ಅಂತ ಯಾರೋ ಹೇಳಿದ್ದಾರೆ. ಗೋದಾಮಿನಲ್ಲಿ ನೆನೆದು ಮುಗ್ಗಲು ಹಿಡಿದ ಜೋಳದ ನುಚ್ಚಿತ್ತು. ಹಸುಗಳಿಗೆ ಹಾಕುವ ಹಾಗಿಲ್ಲ. ದಿನಕ್ಕೆ 500 ಕಿಲೋ ಗುಂಡಿಗೆ ಸುರಿದರು.

ಯೋಚನೆ ಪೂರ್ತಿ ತಪ್ಪಲ್ಲ. ಕಾಳಿನ ಪಿಷ್ಟದಲ್ಲಿ ಸಗಣಿಗಿಂತ ಎರಡು ಪಟ್ಟಿಗೂ ಜಾಸ್ತಿ ಗ್ಯಾಸ್ ಇದೆ. ಗಟ್ಟಿಮುಟ್ಟಾದ ಡೈಜೆಸ್ಟರಿಗೆ ಸ್ವಲ್ಪ ಸ್ವಲ್ಪವಾಗಿ, ವಾರಗಟ್ಟಲೆ ಅಭ್ಯಾಸ ಮಾಡಿಸಿ ಕೊಟ್ಟರೆ ಒಳ್ಳೆಯದೇ ಆಗುತ್ತದೆ. ಇಲ್ಲಿ ಕೊಟ್ಟದ್ದು ಸೋತು ಕೂತ ಡೈಜೆಸ್ಟರಿಗೆ, ಒಂದೇ ಏಟಿಗೆ.

ಪಿಷ್ಟ ಬೇಗ ಒಡೆಯುತ್ತದೆ. ಒಂದೆರಡು ದಿನದಲ್ಲೇ ಆಮ್ಲ ತುಂಬಿತು. ಆಮ್ಲ ಆಗುವಾಗ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಆ ಆಮ್ಲವನ್ನು ಕ್ಷಾರ ಹಿಡಿದುಕೊಳ್ಳುವಾಗ ಇನ್ನಷ್ಟು ಬರುತ್ತದೆ. ಮೀಟರು ಏರಿದ್ದು ಹೀಗೆ. ಗ್ಯಾಸ್ ಮೀಟರಿಗೆ ಗೊತ್ತಾಗುವುದು ಎಷ್ಟು ಹೋಯಿತು ಅನ್ನುವುದು ಮಾತ್ರ, ಏನು ಹೋಯಿತು ಅನ್ನುವುದಲ್ಲ.

ನಾನು ಹೋದಾಗ ಹೆಚ್ಚುವರಿ ಗ್ಯಾಸ್ ಸುಡುವ ಬರ್ನರ್ ಹಚ್ಚಿ ನೋಡಿದೆವು. ಜ್ವಾಲೆ ಬರ್ನರಿನ ಬಾಯಿ ಬಿಟ್ಟು ಒಂದು ಗೇಣು ಮೇಲೆ ಹಾರಿ, ಅಲ್ಲಾಡಿ, ಆರಿಹೋಯಿತು. ಮತ್ತೆ ಹಚ್ಚಿದರೂ ಹಾಗೇ. ಮೀಥೇನ್ ಅಳೆದರೆ ಶೇ 43. ಆರೋಗ್ಯವಾಗಿದ್ದಾಗ ಶೇ 60ರ ಸುತ್ತ ಇರಬೇಕು. ಹೊರಬಂದ ಸ್ಲರಿಯನ್ನು ಬಕೆಟ್ಟಿನಲ್ಲಿ ಹಿಡಿದೆವು. ಚೆನ್ನಾಗಿ ಕಳಿತ ಸ್ಲರಿ ಕಪ್ಪಗೆ, ಹೆಚ್ಚು ವಾಸನೆ ಇಲ್ಲದೆ ಇರುತ್ತದೆ. ಇದು ಕಂದು ಬಣ್ಣಕ್ಕೆ ತಿರುಗಿತ್ತು, ಮೇಲೆ ನೊರೆ, ಮೂಗಿಗೆ ಹೊಡೆಯುವ ಹುಳಿ ನಾತ. ಹುಳಿ ಎಷ್ಟಿದೆ ಅಂತ ತೋರಿಸುವ ಪಿಎಚ್ 6.2 ಇತ್ತು. 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಜಾಸ್ತಿ.

ಫಾರ್ಮಿನವರು ಪಿಎಚ್ ನೋಡದೆ ಇರಲಿಲ್ಲ, ವಾರಕ್ಕೊಮ್ಮೆ ಬರೆದಿಟ್ಟಿದ್ದರು. ತೀರಾ ಇತ್ತೀಚಿನವರೆಗೂ 7ರ ಮೇಲೇ ಇತ್ತು. ಅದಕ್ಕೇ ಯಾರಿಗೂ ಗಾಬರಿ ಆಗಿರಲಿಲ್ಲ. ಸಗಣಿಯ ಕ್ಷಾರ ಆಮ್ಲವನ್ನು ಹಿಡಿದಿಟ್ಟುಕೊಂಡಿರುವಷ್ಟು ದಿನ ಪಿಎಚ್ ಅಲುಗಾಡುವುದಿಲ್ಲ. ಕ್ಷಾರ ಮುಗಿದ ಮೇಲೆ ದಡಕ್ಕನೆ ಬೀಳುತ್ತದೆ. ಆದ್ದರಿಂದ ನೋಡಬೇಕಾದ್ದು ಆಮ್ಲಕ್ಕೂ ಕ್ಷಾರಕ್ಕೂ ಇರುವ ಅನುಪಾತ. ಸ್ಲರಿಯನ್ನು ಸೋಸಿ, ದುರ್ಬಲ ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕುತ್ತಾ, ಪಿಎಚ್ 5ಕ್ಕೆ ಎಷ್ಟು ಹಿಡಿಯಿತು, ಅಲ್ಲಿಂದ 4.4ಕ್ಕೆ ಎಷ್ಟು ಹಿಡಿಯಿತು ಅಂತ ಬರೆದುಕೊಂಡರೆ ಅನುಪಾತ ಸಿಗುತ್ತದೆ. ಸ್ವಲ್ಪ ಅಭ್ಯಾಸವಾದರೆ ಫಾರ್ಮಿನಲ್ಲೇ ಮಾಡಬಹುದು. 0.3ರ ಸುತ್ತ ಇದ್ದರೆ ನೆಮ್ಮದಿ. 0.4 ದಾಟಿ ಏರುತ್ತಿದ್ದರೆ ಎಚ್ಚರ. ಇಲ್ಲಿ 1ಕ್ಕಿಂತ ಮೇಲಿತ್ತು.

ಇನ್ನೊಬ್ಬ ಶಂಕಿತನೂ ಇದ್ದ, ಗೊರಸಿನ ರೋಗಕ್ಕೆ ಹಸುಗಳನ್ನು ನಡೆಸುವ ಮೈಲುತುತ್ತದ ತೊಟ್ಟಿ. 200 ಲೀಟರಿನ ಶೇ 5ರ ದ್ರಾವಣ, ವಾರಕ್ಕೆ ಎರಡು ಸಲ ನೇರವಾಗಿ ಸಗಣಿ ಗುಂಡಿಗೆ ಚೆಲ್ಲುತ್ತಿದ್ದರು. ಸಲಕ್ಕೆ 10 ಕಿಲೋ ಮೈಲುತುತ್ತ, ಅದರಲ್ಲಿ 2.5 ಕಿಲೋ ತಾಮ್ರ. ತಾಮ್ರ ಈ ಜೀವಿಗಳಿಗೆ ವಿಷ. ಆದರೆ ಡೈಜೆಸ್ಟರಿನಲ್ಲಿರುವ ಗಂಧಕ ಅದರಲ್ಲಿ ಬಹುಭಾಗವನ್ನು ಕರಗದ ಸಲ್ಫೈಡ್ ಮಾಡಿ ಕಟ್ಟಿಹಾಕುತ್ತದೆ. ಈ ಕುಸಿತಕ್ಕೆ ಅದೇ ಮುಖ್ಯ ಕಾರಣ ಅಂತ ನಾನು ಹೇಳಲಾರೆ. ಆದರೂ ಆ ತಾಮ್ರ ಸ್ಲರಿಯ ಜೊತೆ ಹೊಲಕ್ಕೆ ಹೋಗಿ ಮಣ್ಣಿನಲ್ಲಿ ಕೂರುತ್ತದೆ, ವರ್ಷ ವರ್ಷ ಸೇರುತ್ತಾ ಹೋಗುತ್ತದೆ. ಅದನ್ನು ಬೇರೆ ತೊಟ್ಟಿಯಲ್ಲಿ ಹಿಡಿಯಲೇಬೇಕು ಅಂದೆ.

ಗುಂಡಿಯ ಹತ್ತಿರ

ಅಲ್ಲಿದ್ದಾಗಲೇ ಪಂಪಿನ ಬಾಯಿಗೆ ಹುಲ್ಲು ಸಿಕ್ಕಿಕೊಂಡಿತು. ಒಬ್ಬ ಹುಡುಗ ಏಣಿ ತಂದು ಗುಂಡಿಗೆ ಇಳಿಸಿಯೇಬಿಟ್ಟ. ತಡೆದೆವು. ಯಾವಾಗಲೂ ಇಳಿಯುತ್ತಿದ್ದೆ, ಏನೂ ಆಗಿಲ್ಲ ಅಂದ.

ಕೇಸಿಗೆ ಇದರ ಸಂಬಂಧ ಕಮ್ಮಿ, ಆದರೆ ಬರೆಯದೆ ಬಿಡಲಾರೆ. ಸಗಣಿ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಕಮ್ಮಿ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹತ್ತು ಲಕ್ಷದಲ್ಲಿ 100 ಭಾಗ ಮುಟ್ಟಿದರೆ ಮೂಗು ಸತ್ತುಹೋಗಿ ವಾಸನೆಯೇ ಗೊತ್ತಾಗುವುದಿಲ್ಲ. 500, 700 ಆದರೆ ನಿಮಿಷಗಳಲ್ಲಿ ಕುಸಿದುಬೀಳುತ್ತಾರೆ, ಅಲ್ಲೇ ಉಳಿದರೆ ಜೀವ ಹೋಗುತ್ತದೆ. ಬಗ್ಗಡವನ್ನು ಕಲಕಿದಾಗ ಒಮ್ಮೆಲೇ ಹೊರಗೆ ಬರುತ್ತದೆ. ಅದಕ್ಕೇ ನೂರು ಸಲ ಏನೂ ಆಗದ ಗುಂಡಿ ಒಂದು ಸಲ ಕೊಲ್ಲುತ್ತದೆ. ಬಿದ್ದವನನ್ನು ಎತ್ತಲು ಇಳಿದವನೂ ಸಾಯುತ್ತಾನೆ, ಅವನನ್ನು ಎತ್ತಲು ಹೋದವನೂ. ದಯವಿಟ್ಟು ಯಾರನ್ನೂ ಇಳಿಸಬೇಡಿ. ಆ ಪಂಪನ್ನು ಸರಪಳಿಯಿಂದ ಮೇಲೆ ಎತ್ತಿ ಬಿಡಿಸುವ ಹಾಗೆ ಮಾಡಿಸಿದೆವು. ಈ ಪ್ರಕರಣದಲ್ಲಿ ಮಾಡಿದ ಕೆಲಸಗಳಲ್ಲಿ ನನಗೆ ಇದೇ ದೊಡ್ಡದು.

ಸರಿಮಾಡಿದ ಕ್ರಮ

ಜೋಳ ಅವತ್ತೇ ನಿಂತಿತು. ಸಗಣಿಯನ್ನೂ ಒಂದು ವಾರ ಪೂರ್ತಿ ನಿಲ್ಲಿಸಿದೆವು. ಒಳಗೆ ಆಮ್ಲ ತುಂಬಿ ಕೂತಿರುವಾಗ ಇನ್ನಷ್ಟು ಆಹಾರ ಬೇಡ, ಇರುವುದನ್ನು ತಿಂದು ಮುಗಿಸಲಿ. ಆ ದಿನಗಳ ಸಗಣಿ ಬೇರೆ ಕಡೆ ರಾಶಿ ಬಿತ್ತು. ಇದಕ್ಕೆ ಒಪ್ಪಿಸುವುದೇ ಕಷ್ಟವಾಯಿತು. ಗ್ಯಾಸ್ ಇಲ್ಲ ಅನ್ನುವಾಗ ಸಗಣಿಯೂ ಹಾಕಬೇಡಿ ಅಂದರೆ ಯಾರಿಗಾದರೂ ವಿಚಿತ್ರ ಅನ್ನಿಸುತ್ತದೆ, ಅಲ್ವಾ?

ಎಂಜಿನ್ ಓಡುತ್ತಿರಲಿಲ್ಲವಾದ್ದರಿಂದ ಹೊರಗಿನ ಬಾಯ್ಲರಿನಿಂದ ಬಿಸಿನೀರು ಕೊಟ್ಟೆವು. ಒಂದೇ ಸಲ ಏರಿಸಲಿಲ್ಲ, ದಿನಕ್ಕೆ ಒಂದು ಡಿಗ್ರಿ ಮೀರದ ಹಾಗೆ. ಉಷ್ಣತೆಯ ಏರುಪೇರನ್ನು ಈ ಜೀವಿಗಳು ಸಹಿಸುವುದಿಲ್ಲ.

ಹುಳಿ ಕಳೆಯಲು ಸುಣ್ಣ ಹಾಕೋಣವೇ ಅಂತ ಕೇಳಿದರು. ಬೇಡ ಅಂದೆ. ಸುಣ್ಣ ಒಳಗಿನ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡುಬಿಡುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ ಕುಸಿದು ಹೊರಗಿನ ಗಾಳಿ ಒಳಗೆ ಎಳೆಯಬಹುದು, ಮೇಲಿನ ಹೊದಿಕೆಗೂ ಪೆಟ್ಟು ಬೀಳಬಹುದು. ಮೀಥೇನಿಗೆ ಗಾಳಿ ಸೇರುವುದು ಆಟವಲ್ಲ, ಗಾಳಿಯಲ್ಲಿ ಶೇ 5ರಿಂದ 15 ಮೀಥೇನ್ ಇದ್ದರೆ ಕಿಡಿ ಸಾಕು. ಸುಣ್ಣ ಗಟ್ಟಿಯಾಗಿ ಪೈಪಿನಲ್ಲಿ ಕೂರುವುದು ಬೇರೆ. ಅಡಿಗೆ ಸೋಡಾ ಒಳ್ಳೆಯದು. ಆದರೆ ಚಮಚದ ಲೆಕ್ಕ ಅಲ್ಲ. 240 ಘನ ಮೀಟರಿನಲ್ಲಿ ಲೀಟರಿಗೆ ಒಂದು ಗ್ರಾಮಿನಷ್ಟು ಕ್ಷಾರ ಏರಿಸಲು 400 ಕಿಲೋ ಬೇಕು. ನೀರಿನಲ್ಲಿ ಕರಗಿಸಿ, ಹಲವು ದಿನಗಳಲ್ಲಿ ಹಂಚಿ ಹಾಕಿದೆವು.

ಜೊತೆಗೆ ಹೊಸ ಬೀಜ. ಸಗಣಿಯಿಂದಲೇ ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಡೈಜೆಸ್ಟರಿನಿಂದ ಟ್ಯಾಂಕರಿನಲ್ಲಿ 24 ಘನ ಮೀಟರ್ ಸ್ಲರಿ ತಂದು ಸೇರಿಸಿದೆವು, ಟ್ಯಾಂಕಿನ ಹತ್ತನೇ ಒಂದು ಭಾಗ. ಡಬ್ಬಿಯಲ್ಲಿ ಬರುವ ಬ್ಯಾಕ್ಟೀರಿಯಾ ಪುಡಿ ತರಿಸೋಣ ಅಂದವರೂ ಇದ್ದರು. ಬದುಕಿ ಕೆಲಸ ಮಾಡುತ್ತಿರುವ ಸ್ಲರಿ ಟ್ಯಾಂಕರುಗಟ್ಟಲೆ ಸಿಗುವಾಗ ಅದರ ಅಗತ್ಯ ನನಗೆ ಕಾಣಲಿಲ್ಲ.

ಆಮೇಲೆ ಸಗಣಿ ಮತ್ತೆ ಶುರುವಾದದ್ದು ಕಾಲು ಭಾಗದಿಂದ. ಅನುಪಾತ 0.4ರ ಕೆಳಗೆ ನಿಂತರೆ ಮಾತ್ರ ಮುಂದಿನ ಮೆಟ್ಟಿಲು. ಒಮ್ಮೆ ಅರ್ಧಕ್ಕೆ ಏರಿಸಿದಾಗ 0.45 ಆಯಿತು, ಮತ್ತೆ ಇಳಿಸಿ ಕಾದೆವು. ಮೀಥೇನ್ ಶೇ 50 ದಾಟಿದ ಮೇಲೆ ಎಂಜಿನ್ ಹಿಡಿಯಿತು. ಪೂರ್ತಿ ಸಗಣಿಗೆ ಬರಲು ಎರಡು ತಿಂಗಳಿಗೂ ಮೇಲಾಯಿತು. ಈಗ 185ರ ಸುತ್ತ ಬರುತ್ತಿದೆ.

ಕೊಟ್ಟಿಗೆಯಲ್ಲಿ ಆದದ್ದು ಎರಡೇ ಬದಲಾವಣೆ. ಸ್ಕ್ರೇಪರಿಗೆ ಹೊಸ ಚೈನ್ ಬಂತು. ಹಾಲು ಕರೆಯುವ ಕೋಣೆ ತೊಳೆದ ನೀರು ಬೇರೆ ಚರಂಡಿಯಲ್ಲಿ ಬೇರೆ ಹೊಂಡಕ್ಕೆ ಹೋಗುತ್ತದೆ. ಮೊದಲು ಎಳೆದು, ಆಮೇಲೆ ತೊಳೆಯುವುದು. ಇನ್ನು ಗುಂಡಿಯ ಪಕ್ಕದ ಗೋಡೆಗೆ ಒಂದು ಪುಸ್ತಕ ನೇತುಹಾಕಿದ್ದೇವೆ. ಅವತ್ತು ಒಳಗೆ ಹೋದದ್ದು ಎಷ್ಟು, ಡಿಗ್ರಿ ಎಷ್ಟು, ಗ್ಯಾಸ್ ಎಷ್ಟು, ಮೀಥೇನ್ ಎಷ್ಟು, ಜೊತೆಗೆ ಕೊಟ್ಟಿಗೆಯಲ್ಲಿ ಹೊಸತೇನಾದರೂ ಆಯಿತಾ ಅಂತ. ಆ ಕೊನೆಯ ಕಾಲಂ ತುಂಬುವುದು ಕೊಟ್ಟಿಗೆಯವರು. ಮೊದಲೇ ಹೀಗಿದ್ದಿದ್ದರೆ ಚೈನ್ ತುಂಡಾದ ವಾರವೇ ಗೊತ್ತಾಗುತ್ತಿತ್ತು.

ವಾಹನಕ್ಕೆ ತುಂಬಬಹುದಾ?

ಎಲ್ಲ ಸರಿಹೋದ ಮೇಲೆ ಮಾಲೀಕರು ಕೇಳಿದ್ದು ಇದನ್ನು. ಗ್ಯಾಸನ್ನು ಶುದ್ಧ ಮಾಡಿ ಟ್ರ್ಯಾಕ್ಟರಿಗೂ ಹಾಲಿನ ಗಾಡಿಗೂ ಹಾಕಿದರೆ ಹೇಗೆ?

ಕಾಗದದ ಮೇಲೆ ಆಸೆ ಹುಟ್ಟಿಸುವ ಲೆಕ್ಕ. 190 ಘನ ಮೀಟರಿನಲ್ಲಿ ಮೀಥೇನ್ 114. ಒಂದು ಘನ ಮೀಟರ್ ಮೀಥೇನಿನ ಶಕ್ತಿ ಹೆಚ್ಚುಕಮ್ಮಿ ಒಂದು ಲೀಟರ್ ಡೀಸೆಲ್ಲಿನಷ್ಟು. ಅಂದರೆ ದಿನಕ್ಕೆ 110 ಲೀಟರ್ ಡೀಸೆಲ್ಲಿನ ಬದಲಿ. ಆದರೆ ಎಂಜಿನ್ ನಿಂತರೆ ಡೈಜೆಸ್ಟರಿಗೆ ಬಿಸಿ ಕೊಡುವವರು ಯಾರು? ಅದಕ್ಕೆ ಗ್ಯಾಸಿನ ಐದನೇ ಒಂದು ಭಾಗ ಸುಡಬೇಕು. ಉಳಿದದ್ದರಿಂದ ಹೈಡ್ರೋಜನ್ ಸಲ್ಫೈಡ್ ತೆಗೆಯಬೇಕು, ಕಾರ್ಬನ್ ಡೈಆಕ್ಸೈಡ್ ತೆಗೆಯಬೇಕು, ತೇವ ತೆಗೆಯಬೇಕು, ಆಮೇಲೆ 200 ಬಾರ್‌ಗೂ ಮೇಲೆ ಒತ್ತಿ ಸಿಲಿಂಡರಿಗೆ ತುಂಬಬೇಕು. ಇದಕ್ಕೆಲ್ಲ ಕರೆಂಟ್ ಬೇಕು, ಆ ಕರೆಂಟ್ ಮಾಡುತ್ತಿದ್ದ ಎಂಜಿನ್ ನಿಂತಿದೆ. ಇಲ್ಲಿನ ಹರಿವು ಗಂಟೆಗೆ 8 ಘನ ಮೀಟರ್. ಶುದ್ಧೀಕರಣ ಘಟಕಗಳು ಗಂಟೆಗೆ ನೂರಾರು ಘನ ಮೀಟರ್ ಇದ್ದಾಗ ಹಗುರವಾಗುತ್ತವೆ, ಇಷ್ಟು ಚಿಕ್ಕದಕ್ಕೆ ಯಂತ್ರದ ಹೊರೆಯೇ ಜಾಸ್ತಿ. ಅಕ್ಕಪಕ್ಕದ ಹಲವು ಫಾರ್ಮುಗಳು ಸಗಣಿಯನ್ನು ಒಂದೇ ಕಡೆ ತಂದರೆ ಆಗ ಮಾತು ಬೇರೆ. ಈಗಂತೂ ಹಾಲು ತಂಪು ಮಾಡಲು ಕರೆಂಟ್, ತೊಳೆಯಲು ಬಿಸಿನೀರು ಎರಡೂ ಫಾರ್ಮಿಗೆ ದಿನವೂ ಬೇಕೇ ಬೇಕು. ಎರಡನ್ನೂ ಎಂಜಿನ್ ಕೊಡುತ್ತಿದೆ. ಹಾಗೇ ಮುಂದುವರಿಸಿ ಅಂದೆ.

ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. ಡೈಜೆಸ್ಟರಿನಿಂದ ಹೊರಬಂದ ಸ್ಲರಿ ಈಗ ತೆರೆದ ತೊಟ್ಟಿಯಲ್ಲಿ ನಿಲ್ಲುತ್ತದೆ. ಅದು ಇನ್ನೂ ಬೆಚ್ಚಗಿರುತ್ತದೆ, ಜೀವಿಗಳು ಅಲ್ಲೂ ಕೆಲಸ ಮಾಡುತ್ತಿರುತ್ತವೆ, ಗುಳ್ಳೆಗಳು ಬರುತ್ತಲೇ ಇರುತ್ತವೆ. ಆ ಮೀಥೇನ್ ನೇರ ಗಾಳಿಗೆ ಹೋಗುತ್ತಿದೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಭೂಮಿಯನ್ನು ಬಿಸಿ ಮಾಡುವುದು ಕಾರ್ಬನ್ ಡೈಆಕ್ಸೈಡಿಗಿಂತ 27ರಿಂದ 30 ಪಟ್ಟು ಜಾಸ್ತಿ. ತೊಟ್ಟಿಗೆ ಹೊದಿಕೆ ಹಾಕಿ ಆ ಗ್ಯಾಸನ್ನೂ ಎಂಜಿನ್ನಿಗೆ ಜೋಡಿಸಿದರೆ ಒಂದೇ ಸಗಣಿಯಿಂದ ಇನ್ನಷ್ಟು ಕರೆಂಟ್ ಸಿಗುತ್ತದೆ. ಹೊದಿಕೆಯ ಅಳತೆ ತೆಗೆದಾಗಿದೆ. ತೊಟ್ಟಿ ಖಾಲಿಯಾಗುವುದು ಸ್ಲರಿಯನ್ನು ಹೊಲಕ್ಕೆ ಬಿಟ್ಟ ಮೇಲೆ, ಕೆಲಸ ಆಗ ಶುರು.